ಗೇಟಿನ ಮೇಲೆ ಸೇತುವೆ ತಂದ ಮಾವ

ಮಾವನ ಬಿಳಿ ಅಂಗಿಯ ಎಡಗಿಸೆಯ ತಳದಲ್ಲಿ ಸದಾ ಒಂದು ಒದ್ದೆ ಕಲೆ ಇರುತ್ತಿತ್ತು. ಕುದಿಸಿದ ಶೇಂಗಾದ ಉಪ್ಪುನೀರಿನ ಕಲೆ. ಊರಾಚೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ ಅವರು ಕಾರಿನ ಗಾಜು ಇಳಿಸಿ ಬಿಸಿ ಶೇಂಗಾ ಕೊಂಡು, ಪೊಟ್ಟಣವನ್ನು ಹಾಗೇ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಒಗೆದೂ ಒಗೆದೂ ಅತ್ತೆ ಸೋತಿದ್ದರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಬೇಕೆಂದು ಕಾನ್ವೆಂಟಿನಲ್ಲಿ ಕಲಿತು ಬಂದ ನಾನು, ನಾಲ್ಕು ಜನರ ಮುಂದೆ ಆ ಕಲೆ ಕಂಡರೆ ಬೇರೆ ಕಡೆ ನೋಡುತ್ತಿದ್ದೆ.

ಅವರು ನಮ್ಮ ಯಜಮಾನರ ಸೋದರಮಾವ. ಹೊಸಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ, ಮೇಲೆ ವರ್ತಕರ ಸಂಘದ ಅಧ್ಯಕ್ಷಗಿರಿ. ಅದಿರು ತುಂಬಿದ ಗೂಡ್ಸ್ ಗಾಡಿಗಳು ಬಂದಾಗಲೆಲ್ಲ ಆ ಗೇಟು ಬೀಳುತ್ತಿತ್ತು. ಕಬ್ಬಿನ ಟ್ರ್ಯಾಕ್ಟರು, ಹಂಪಿಗೆ ಹೊರಟ ಬಸ್ಸು, ಹೆರಿಗೆಗೆ ಹೊರಟ ಹೆಂಗಸು, ಎಲ್ಲರೂ ಅಲ್ಲೇ ಕಾಯಬೇಕು. ಅದರ ಮೇಲೊಂದು ಸೇತುವೆ ಕೇಳಲು ಮಾವ ಎಷ್ಟೋ ಸಲ ದಿಲ್ಲಿಗೆ ಹೋಗಿ, ಬರೀ ಫೋಟೋ ತೆಗೆಸಿಕೊಂಡು ಬಂದಿದ್ದರು.

"ಕೇಳಾಕ ನಾಚ್ಕೊಂಡ್ರ ಊರು ಹಂಗ ಇರತೈತಿ ಯವ್ವಾ," ಎನ್ನುತ್ತಿದ್ದರು.

ಒಂದು ಸಲ ಸಂಘದ ಕೆಲವರ, ನಮ್ಮ ಯಜಮಾನರ ಜೊತೆಗೆ, ಇಂಗ್ಲಿಷ್ ಮಾತಾಡಲಿಕ್ಕೆಂದು ನನ್ನನ್ನೂ ಕರೆದುಕೊಂಡು ಹೋದರು. ಸಂಘದವರ ಬೇಡಿಕೆಗಳೇನು ಕಡಿಮೆಯೇ? ಹಂಪಿ ಪ್ರವಾಸಿಗರಿಗೆ ಇನ್ನೊಂದು ವಿಮಾನ, ಸಂಡೂರಿನ ಲಾರಿಗಳಿಗೆ ಬೇರೆ ರಸ್ತೆ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ರೈಲು. ಮಾವ ಎಲ್ಲವನ್ನೂ ಪಕ್ಕಕ್ಕಿಟ್ಟರು. "ಹತ್ತು ಕೇಳಿದ್ರ ಹತ್ತಕ್ಕೂ ತಲಿ ಆಡಸ್ತಾರ. ಒಂದ ಕೇಳೂಣು."

ನಮಗೆ ಸಿಕ್ಕಿದ್ದು ಐದು ನಿಮಿಷ. ರೈಲ್ವೆ ಮಂತ್ರಿಗಳ ಎದುರು ಕೂತ ಮಾವ ನನ್ನ ಕಡೆ ತಿರುಗಿದರು. "ಸಾಹೇಬ್ರಿಗೆ ಹೇಳು ಯವ್ವಾ. ಗೇಟ್ ಬಿದ್ರ ನಾವು ಸುಮ್ಮ ಕುಂದರತೀವಿ. ಅಲ್ಲಿ ಏನೂ ಆಗಂಗಿಲ್ಲ. ಈ ಐದು ನಿಮಿಷ ಇವ್ರೂ ನಮ್ ಜೋಡಿ ಹಂಗ ಕುಂದರ್ಲಿ ಅನ್ನು."

ನಾನು ಹೇಳಿದೆ. ಮಾವ ಕೈಕಟ್ಟಿ ಕೂತೇಬಿಟ್ಟರು. ನಮ್ಮ ಜೊತೆ ಬಂದಿದ್ದ ಸಂಡೂರಿನ ಲಾರಿ ಮಾಲೀಕರೊಬ್ಬರು ಬಗ್ಗಿ ಶೂ ಲೇಸು ಕಟ್ಟತೊಡಗಿದರು. ನಮ್ಮ ಯಜಮಾನರು ಫ್ಯಾನು ನೋಡಿದರು. ಪರದೆಯ ಅಂಚಿಗೆ ಹಾಕಿದ್ದ ಹೊಲಿಗೆ ಒಂದು ಕಡೆ ಬಿಚ್ಚಿತ್ತು, ನಾನು ಅದನ್ನೇ ನೋಡುತ್ತಿದ್ದೆ. ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಮಂತ್ರಿಗಳು ಫೋನಿಗೆ ಕೈ ಹಾಕಿದಾಗ ಮಾವ ತಲೆ ಅಲ್ಲಾಡಿಸಿ, "ಗೇಟ್ ಬಿದ್ದೈತ್ರಿ," ಎಂದರು. ಅದನ್ನು ನಾನು ಅನುವಾದಿಸಲಿಲ್ಲ, ಬೇಕಾಗಲೂ ಇಲ್ಲ. ಮಂತ್ರಿಗಳು ನಕ್ಕು, ಅಧಿಕಾರಿಯನ್ನು ಕರೆಸಿದರು.

"ಮಾನ ಕಳದ್ರಲ್ರೀ ಅಧ್ಯಕ್ಷರ," ಎಂದರು ಲಾರಿ ಮಾಲೀಕರು, ಹೊರಗೆ ಬಂದ ಮೇಲೆ.

"ನನ್ ಮಾನ ಹೋತು, ಬ್ರಿಡ್ಜ್ ಬರತೈತಲ್ಲ," ಎಂದು ಮಾವ ಕಿಸೆಯಲ್ಲಿ ಶೇಂಗಾ ಹುಡುಕಿದರು.

ಸೇತುವೆ ನಿಜವಾಗಿಯೂ ಬಂತು. ಗೇಟು ಕಿತ್ತು, ಹಳಿಯ ಆಚೀಚೆ ಗೋಡೆ ಎಬ್ಬಿಸಿದರು. ಸನ್ಮಾನದ ದಿನ ಮಾವ ಶಾಲು ಹೊದ್ದು, ದಿಲ್ಲಿಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅವರು ವೇದಿಕೆ ಇಳಿದು ಬರುವಾಗ ಗೇಟಿನ ಬಳಿ ಶೇಂಗಾ ಮಾರುತ್ತಿದ್ದ ಹೆಂಗಸು ಕಂಬಕ್ಕೆ ಒರಗಿ ನಿಂತಿದ್ದಳು. ಸಿಟ್ಟಿನಿಂದೇನೂ ಅಲ್ಲ, ಕೇಳಿದಳು: "ಅಲ್ಲಿ ಏನೂ ಆಗ್ತಿದ್ದಿಲ್ಲ ಅಂದ್ರಲ್ರೀ ಸಾವ್ಕಾರ್ರ. ನಾವು ಇದ್ವಲ್ರೀ ಅಲ್ಲಿ."

ಶೇಂಗಾ, ಸೌತೆಕಾಯಿ, ಪೇರಲ ಮಾರುವವರೆಲ್ಲ ಬದುಕಿದ್ದು ಗೇಟು ಬಿದ್ದಾಗ ನಿಲ್ಲುವ ಗಾಡಿಗಳಿಂದ. ಈಗ ಗಾಡಿಗಳು ನಿಲ್ಲುವುದಿಲ್ಲ. ಮಾವ ಶಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಪಕ್ಕದಲ್ಲಿದ್ದ ನನಗೂ ಮುಖ ಎತ್ತಲಾಗಲಿಲ್ಲ. ಏನೂ ಆಗುವುದಿಲ್ಲ ಎಂಬುದನ್ನು ಚೊಕ್ಕ ಇಂಗ್ಲಿಷಿನಲ್ಲಿ ದಿಲ್ಲಿಗೆ ಮುಟ್ಟಿಸಿದ್ದ ಬಾಯಿ ನನ್ನದೇ.

ಸಂಘದ ಮುಂದಿನ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಸೇತುವೆ ಇಳಿಯುವ ಕಡೆ ಗೇಟಿನ ಬಳಿ ಮಾರುತ್ತಿದ್ದವರಿಗೆಲ್ಲ ಒಂದಿಷ್ಟು ಜಾಗ ಕೇಳೋಣ ಎಂದರು ಮಾವ.

"ದಿಲ್ಲಿ ಮಟ್ಟ ಹೋಗಿ ಬಂದೋರು, ಈಗ ಶೇಂಗಾಕ್ಕ ನಿಯೋಗ ಒಯ್ಯೂಣೇನ್ರಿ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಮ್ಮ ಯಜಮಾನರೂ. ಕಾಫಿ ತಟ್ಟೆ ಹಿಡಿದಿದ್ದ ನಾನು ಮಾವ ಜಗಳಕ್ಕೆ ಬೀಳುತ್ತಾರೆಂದು ಕಾದೆ. ಮಂತ್ರಿಯನ್ನು ಕೂರಿಸಿದ ಮನುಷ್ಯ ತಲೆ ತಗ್ಗಿಸಿ ಕೂತುಬಿಟ್ಟರು.

"ಕೇಳಬೇಕಿತ್ತಲ್ಲ ಮಾವ," ಎಂದೆ, ಆಮೇಲೆ.

"ಏನಂತ ಕೇಳಲಿ? ತಪ್ಪು ನಂದ ಐತಿ. ಬಾಯಿ ಬರವಲ್ದು ಯವ್ವಾ."

ಆಮೇಲೆ ಅವರು ಆ ಸೇತುವೆ ಹತ್ತಲೇ ಇಲ್ಲ. ಸಂಜೆ ಕೆಳಗಿನ ಹಳೇ ರಸ್ತೆಯಲ್ಲಿ ಗೋಡೆಯ ತನಕ ಹೋಗಿ, ಆ ಶೇಂಗಾದವಳ ಬುಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು. ಗಿರಾಕಿ ಎಂದರೆ ಹೆಚ್ಚುಕಡಿಮೆ ಅವರೊಬ್ಬರೇ. ಒಮ್ಮೆ ಅತ್ತೆ ಕಳಿಸಿದರೆಂದು ಕರೆಯಲು ಹೋದೆ.

"ಹೊತ್ತಾತು, ಬರ್ರಿ ಮಾವ."

"ಇವ್ರ ಪಾಲಿಗೆ ಗೇಟ್ ಬಿದ್ದ ಬಿಟ್ಟೈತಿ. ಒಂದೀಟು ಕುಂತು ಬರತೀನಿ, ನೀ ನಡಿ."

ಹೋದ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಅವರು ತಂದ ಸೇತುವೆಯ ಮೇಲೆಯೇ ಒಯ್ಯಬೇಕು, ನಡುವೆ ನಿಲ್ಲಿಸಿ ಐದು ನಿಮಿಷ ಮೌನ ಆಚರಿಸಬೇಕು ಎಂದು ಸಂಘದವರು ಹಟ ಹಿಡಿದರು. ಶವದ ಗಾಡಿ ನಿಂತಿತು, ಹಿಂದೆ ನಮ್ಮ ಕಾರುಗಳೂ. ನಾವೆಲ್ಲ ಇಳಿದು ತಲೆ ಬಗ್ಗಿಸಿದೆವು. ಒಂದು ನಿಮಿಷವೂ ಆಗಿರಲಿಲ್ಲ, ಹಿಂದಿನಿಂದ ಹಾರ್ನುಗಳು ಶುರುವಾದವು. "ಸಾಕ್ರಿ, ಟ್ರಾಫಿಕ್ ಆಗತೈತಿ, ಜಲ್ದಿ ಹತ್ರಿ," ಎಂದರು ಲಾರಿ ಮಾಲೀಕರು.

ಹತ್ತುವ ಮುಂಚೆ ಸೇತುವೆಯ ಅಂಚಿನ ಕಟ್ಟೆಯಿಂದ ಕೆಳಗೆ ನೋಡಿದೆ. ಗೋಡೆಯ ಬಳಿ ಆ ಹೆಂಗಸು ಎಲೆಯಲ್ಲಿ ಹೂ ಹಿಡಿದುಕೊಂಡು, ಊರ ಕಡೆಗೆ ಮುಖ ಮಾಡಿ ನಿಂತಿದ್ದಳು. ಮಾವ ದಿನಾ ಬರುತ್ತಿದ್ದ ದಾರಿಯಲ್ಲೇ ಬರುತ್ತಾರೆಂದು ಕಾಯುತ್ತಿದ್ದಳು. ಹೀಗೆ ಮೇಲಿನಿಂದ ಒಯ್ಯುತ್ತೇವೆಂದು ಅವಳಿಗೆ ನಾವ್ಯಾರೂ ಹೇಳಿರಲಿಲ್ಲ.

ಕೂಗಬೇಕೆನಿಸಿತು. ಇಷ್ಟು ಜನರ ನಡುವೆ ಹೇಗೆ ಕೂಗುವುದು ಎಂದೂ ಅನಿಸಿತು. ಸೆರಗು ಸರಿಮಾಡಿಕೊಂಡು ಕಾರಿನೊಳಗೆ ಕೂತೆ. ಸೇತುವೆ ದಾಟಲು ಹೊತ್ತೇ ಹಿಡಿಯಲಿಲ್ಲ.