ಹಡಗುಕಟ್ಟೆಯ ಬಸವನಹುಳು

ಅವಳು ಕಡಲ ಬಸವನಹುಳು ಆರಿಸಿ ಮಾರುವವಳು. ಮನೆಯ ಅಡುಗೆಗೆ ದೂರದ ಬಂಡೆಯವು, ಮಾರಲಿಕ್ಕೆ ಹಡಗು ರಿಪೇರಿ ಮಾಡುವ ಕಟ್ಟೆಯ ಗೋಡೆಯವು. ಕಟ್ಟೆ ಹತ್ತಿರ, ಅಲ್ಲಿಯ ಹುಳು ದಪ್ಪ. ಆದರೆ ಹೊಟ್ಟೆಯ ಭಾಗ ಹಸಿರುಗಪ್ಪು, ಎಷ್ಟು ಬೇಯಿಸಿದರೂ ತುಕ್ಕಿನ ರುಚಿ.

ಹಿಂದಿನ ವಾರ ಪರೀಕ್ಷೆಗೆಂದು ಹುಳು ಒಯ್ದಿದ್ದ ಲ್ಯಾಬಿನ ಹುಡುಗಿ ಬಂದು ಬುಟ್ಟಿಯ ಮುಂದೆ ಕೂತಳು.

"ಅಮ್ಮಾ, ಹಡಗಿನ ಬಣ್ಣದ ತಾಮ್ರ, ಸೀಸ ಎಲ್ಲ ಇದರ ಹೊಟ್ಟೇಲಿದೆ. ಹುಳು ಬಲು ಜಾಣ. ವಿಷಾನ ಸಣ್ಣ ಕಾಳು ಮಾಡಿ ಒಳಗೇ ಕಟ್ಟಿಡತ್ತೆ, ತಾನು ಬದುಕತ್ತೆ. ತಿಂದವರ ಗತಿ?"

ಆಗಷ್ಟೇ ಪಾತ್ರೆ ತುಂಬಿಸಿಕೊಂಡಿದ್ದ ಪಕ್ಕದ ಮನೆಯ ಅಕ್ಕ ಗಾಬರಿಯಾದಳು. "ಅಯ್ಯೋ, ನನ್ನ ಬಸುರಿ ಸೊಸೆ ದಿನಾ ತಿಂತಾಳಲ್ಲೇ! ಎಲ್ಲಿಂದ ತರ್ತೀಯ ನೀನು?"

"ಕಟ್ಟೆಯಿಂದ. ಜಾಗ ತೋರಿಸಿದ್ದು ನಮ್ಮನೆಯವರು. ನನಗೇನು ಗೊತ್ತು?"

ಗಂಡ ಸತ್ತು ಮೂರು ತಿಂಗಳಾಗಿತ್ತು. "ನಾವು ತಿನ್ನದ್ದನ್ನ ಊರಿಗೆ ತಿನ್ನಿಸ್ತೀಯಾ?" ಎಂದು ಜಗಳವಾಡಿದ್ದವನೇ ಅವನು. "ದಿನಾ ಬಂಡೆ ತನಕ ನಿಮ್ಮಪ್ಪ ನಡೀತಾನಾ?" ಎಂದು ಇವಳೇ ಬಾಯಿ ಮುಚ್ಚಿಸಿದ್ದಳು. ಈಗ ತಪ್ಪನ್ನು ಎದುರು ಮಾತಾಡಲಾರದವನ ತಲೆಗೆ ಕಟ್ಟಿದಳು.

"ಹೋಗಲಿ, ಸತ್ತವರನ್ನ ಏನನ್ನೋದು," ಎಂದು ಅಕ್ಕ ತಿರುಗಿದಳು.

ಹುಳು ಮಾರುವವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. "ಅಕ್ಕಾ, ನಿಲ್ಲು. ಅವರಲ್ಲ, ನಾನು. ಅವರು ಬೇಡ ಅಂದಿದ್ರು. ನಮ್ಮನೇಲಿ ಇದನ್ನ ಮುಟ್ಟಲ್ಲ."

ಅಕ್ಕ ಪಾತ್ರೆ ಮಗುಚಿ ಹುಳುಗಳನ್ನು ಅವಳ ಕಾಲ ಬುಡಕ್ಕೆ ಸುರಿದು ನಡೆದಳು. ಅವಳು ತಲೆ ಎತ್ತದೆ ಒಂದೊಂದೇ ಆರಿಸತೊಡಗಿದಳು.