ಹಲಗೆಯ ಮೇಲಿಲ್ಲದ ಚಿಮಣಿಗಳು

ಬೆಳಿಗ್ಗೆ ಏಳೂವರೆ. ಜನ ಟಿಕೆಟ್ ಕೊಂಡು ಊರು ನೋಡಲು ಹತ್ತುವ ನಾಗಪುರದ ನಭದರ್ಶನ ಗೋಪುರದ ಇಪ್ಪತ್ತೊಂದನೇ ಮಹಡಿಯಲ್ಲಿ ಯಲ್ಲಮ್ಮ ಗಾಜು ಒರೆಸುತ್ತಿದ್ದಾರೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಹಳೆಯ ಪೇಪರ್. ಮೂವತ್ತಾರು ಗಾಜು. ಒಂದೊಂದು ಮುಗಿದಾಗಲೂ ನಾಲ್ಕು ಹೆಜ್ಜೆ ಹಿಂದೆ ಸರಿದು ಅದರಾಚೆ ನೋಡುತ್ತಾರೆ. ಅವರ ಬಗ್ಗೆ ಬರೆಯಲು ಬಂದಿರುವ ನಾನು, ಏನು ನೋಡುತ್ತೀರಿ ಎಂದು ಕೇಳುತ್ತೇನೆ.

“ಈ ಗಾಜಿನ್ಯಾಗ ಖಾಪರಖೇಡಾದ ಕರೆಂಟ್ ಕಾರ್ಖಾನಿ ಹೊಗಿ ಚಿಮಣಿ ಕಾಣಬೇಕ್ರಿ. ಕಂಡ್ರ ಬರೋಬರ್ ಸ್ವಚ್ಛ ಆಗೈತಿ ಅಂತ. ಮೊದಲ್ನೇ ಥಂಡಿಯೊಳಗ ಮಂಜು ಅನ್ನೂದು ತಿಳೀದ ಇದೊಂದನ್ನ ಏಳು ಸಲ ತಿಕ್ಕಿದ್ದೆ!” ಎಂದು ನಗುತ್ತಾರೆ.

ಯಲ್ಲಮ್ಮ ಗೋಕಾಕದ ಕಡೆಯವರು. ಮದ್ದುಗುಂಡು ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ಹಳೆಯ ನಾಗಪುರದ ಮಹಾಲ್ ಬಡಾವಣೆಯ ಓಣಿಯೊಂದರ ಕೋಣೆಗೆ ಬಂದರು. ಒಂಬತ್ತು ವರ್ಷಗಳಿಂದ ಇದೇ ಕೆಲಸ. ಮೊಣಕಾಲು ಸವೆದಿದೆ.

ಗಾಜು ಮುಗಿದರೂ ಅವರ ಕೆಲಸ ಮುಗಿಯುವುದಿಲ್ಲ. ಕೆಳಗೆ ಟಿಕೆಟ್ ಕಿಟಕಿಯ ಪಕ್ಕ ಒಂದು ಕಪ್ಪು ಹಲಗೆ ಇದೆ. ಓದು ಬರಹ ಬಾರದ ಯಲ್ಲಮ್ಮ, ಆ ದಿನ ಮೇಲಿಂದ ಏನೇನು ಕಾಣುತ್ತದೋ ಅದರ ಚಿತ್ರವನ್ನು ಅಲ್ಲಿ ಸುಣ್ಣದ ಕಡ್ಡಿಯಿಂದ ಬರೆಯುತ್ತಾರೆ. ಇದು ಯಾರೂ ಹೇಳಿಕೊಟ್ಟದ್ದಲ್ಲ.

ಇವತ್ತು ಮಂಜು ಕವಿದಿದೆ; ಹಲಗೆಯ ಮೇಲೆ ಹತ್ತಿರದ ಫುಟಾಳಾ ಕೆರೆಯೊಂದೇ ಇದೆ. ಪಕ್ಕದೂರು ಕಾಮಠಿಯಿಂದ ಬಂದ ಕುಟುಂಬವೊಂದು ಅದನ್ನು ನೋಡಿ, ಸಂಜೆ ಬರೋಣವೆಂದು ತಿರುಗಿ ಹೋಗುತ್ತದೆ. ಮ್ಯಾನೇಜರ್ ಮಧುಸೂದನ ಮೈಸೂರಿನವರು. ಟಿಕೆಟ್ ಕೈತಪ್ಪಿತೆಂದು ಅವರಿಗೆ ಸಿಟ್ಟು ಬರುತ್ತದೆ.

“ಎಲ್ಲಾನೂ ಬರೀರಿ ಅಂತ ನಿನ್ನೇನೇ ಹೇಳಿದ್ನಲ್ಲ ಯಲ್ಲಮ್ಮ? ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ.”

“ಕೆಲಸ ನಿಮ್ಮ ಕೈಯಾಗ ಐತ್ರಿ ಸಾಹೇಬ್ರ. ಆದ್ರ ಕಾಣದ್ದನ್ನ ಹ್ಯಾಂಗ ಬರೀಲಿ?”

ಮಧುಸೂದನ ತಾವೇ ಸುಣ್ಣದ ಕಡ್ಡಿ ಎತ್ತಿಕೊಳ್ಳುತ್ತಾರೆ. ಕೆರೆಯ ಮೇಲೆ ಚಿಮಣಿಯೆಂದು ಒಂದು ಉದ್ದ ಗೆರೆ ಎಳೆಯುತ್ತಾರೆ. ಕೈ ನಿಲ್ಲುತ್ತದೆ.

“ಚಿಮಣಿ ಎಷ್ಟಿವೆ?”

“ಮ್ಯಾಲ ಹೋಗಿ ಎಣಿಸ್ಕೊಂಡ ಬರ್ರಲಾ.”

ಟಿಕೆಟ್ ಕಿಟಕಿಯ ಹುಡುಗಿ ನಗು ತಡೆಯಲಾರದೆ ಮುಖ ತಿರುಗಿಸುತ್ತಾಳೆ. ಮಧುಸೂದನ ಲಿಫ್ಟ್ ಹತ್ತುತ್ತಾರೆ. ಯಲ್ಲಮ್ಮ ಸ್ಟೂಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಾರೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಹಲಗೆಯ ಕಡೆ ಕೈ ತೋರಿಸಿ, “ಮ್ಯಾಲಿಂದ ಇಳದ್ ಬಂದವ್ರು ನನ್ನ ಹಲಗಿ ನೋಡಿ ಹೌದು ಅನ್ನಬೇಕ್ರಿ. ಅಷ್ಟ ಸಾಕು” ಎನ್ನುತ್ತಾರೆ.

ಲಿಫ್ಟಿನ ಬಾಗಿಲು ತೆರೆಯುತ್ತದೆ. ಮಧುಸೂದನ ತಾವು ಎಳೆದ ಗೆರೆಯನ್ನು ಅಂಗೈಯಿಂದ ಒರೆಸಿ, ಸುಣ್ಣದ ಕಡ್ಡಿಯನ್ನು ಯಲ್ಲಮ್ಮನ ಕೈಗಿಡುತ್ತಾರೆ.

“ಚಿಮಣಿ ಒಂದೂ ಕಾಣಲ್ಲ, ಕೆರೆನೂ ಈಗ ಅರ್ಧಾನೇ ಕಾಣ್ತಿದೆ. ನಾಳೆನೂ ನೀವೇ ಬರೀರಿ.”

ಯಲ್ಲಮ್ಮ ಎದ್ದು, ಹೆಬ್ಬೆರಳಿನಿಂದ ಅರ್ಧ ಕೆರೆಯನ್ನು ಅಳಿಸುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ.

“ಚಲೋ ಆತು ಬಿಡ್ರಿ,” ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. “ಸಾಹೇಬ್ರೂ ನೋಡಾಕ ಕಲತ್ರು.”