ಹಳೆಯ ಫೋನಿಗೆ ಎರಡು ಬೆರಳು ಬಟ್ಟೆ

ಶಿರಾಳಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೀ ಅಂಗಡಿಯ ಹಾಲು ಇನ್ನೂ ಕುದಿದಿಲ್ಲ. ಮಾಲಾ ಆಗಲೇ ತಮ್ಮ ಫೋನ್ ರಿಪೇರಿ ಅಂಗಡಿಯ ಶಟರ್ ಅರ್ಧ ಎತ್ತಿ, ದೀಪದ ಕೆಳಗೆ ಫೋನೊಂದರ ಬೆನ್ನು ಬಿಚ್ಚಿ ಕೂತಿದ್ದಾರೆ. ಮೊದಲ ಬಸ್ಸಿಗೆ ಬಂದವರು ಬಿಸಿಲೇರುವ ಮುಂಚೆ ಹೊಲಕ್ಕೆ ವಾಪಸಾಗಬೇಕು. ಅವರನ್ನು ಕಾಯಿಸಬಾರದು.

ಇವತ್ತು ಮೊದಲು ಬಂದವರು ತಾಳಗುಂದದ ಕಡೆಯ ಕುರಿ ಸಾಕುವ ಹನುಮಮ್ಮ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೋಲಿನ ತುದಿಗೆ ಕಟ್ಟಿಕೊಂಡು ಬಂದಿದ್ದಾರೆ.

"ಇದೇನ್ ಹನುಮಕ್ಕ, ಹಾವು ಹಿಡ್ಕಂಡು ಬಂದಂಗೆ?"

"ಡೇಟ್ ಮುಗದೈತಂತೆ ಕಣವ್ವ, ಮಗಳು ಓದಿ ಹೇಳಿದ್ಲು. ಡೇಟ್ ಮುಗಿದ ಔಷ್ದಿ ಕುರಿ ಹತ್ರ ಇಡಬ್ಯಾಡ ಅಂತಾರಲ್ಲ ಡಾಕ್ಟ್ರು? ಅದಕ್ಕೆ ಬೇಲಿಗೆ ನೇತು ಹಾಕಿದ್ದೆ."

ಮಾಲಾ ನಗುತ್ತಲೇ ಗಂಟು ಬಿಚ್ಚುತ್ತಾರೆ. ಫೋನಿನ ಸಾಫ್ಟ್‌ವೇರ್ ಹಳತಾಗಿ ಮೆಸೇಜಿನ ಆ್ಯಪ್ ತೆರೆಯುತ್ತಿಲ್ಲ. ಹನುಮಮ್ಮನ ಕುರಿಗಳಿಗೆ ಅದೇ ಆಸ್ಪತ್ರೆ: ಬಾಯಿಯದೋ ಗೊರಸಿನದೋ ಫೋಟೊ ಕಳಿಸಿದರೆ ಪಶುವೈದ್ಯರು ಔಷಧಿ ಹೇಳುತ್ತಾರೆ. ಈಗ ಎರಡು ಮರಿಗಳಿಗೆ ಬಾಯಿಹುಣ್ಣು, ನಿನ್ನೆಯಿಂದ ಹಾಲು ಕುಡಿದಿಲ್ಲ. ಹನುಮಮ್ಮ ತೆಗೆದಿಟ್ಟಿದ್ದ ಹುಣ್ಣಿನ ಫೋಟೊವನ್ನು ಮಾಲಾ ಮೊದಲು ತಮ್ಮ ಫೋನಿಗೆ ಹಾಕಿಕೊಂಡು ವೈದ್ಯರಿಗೆ ಕಳಿಸಿ, ಉತ್ತರವನ್ನು ಹನುಮಕ್ಕನ ನಂಬರಿಗೇ ಹಾಕಿ ಎನ್ನುತ್ತಾರೆ.

"ಇವತ್ತಿಂದಾತು. ನಾಳೆ ನೀನು ಗುಡ್ಡದಾಗಿದ್ರೆ ಯಾರ ಫೋನಿಂದ ಕಳಿಸ್ತೀಯ?" ಎನ್ನುತ್ತ ಮಾಲಾ ಹನುಮಮ್ಮನ ಫೋನು ಕೈಗೆತ್ತಿಕೊಳ್ಳುತ್ತಾರೆ.

ಮಾಲಾ ಮೊದಲು ಬ್ಲೌಸ್ ಹೊಲಿಯುತ್ತಿದ್ದರು. ರೆಡಿಮೇಡ್ ಬಂದು ಹೊಲಿಗೆ ಕಡಿಮೆಯಾದಾಗ ಪಕ್ಕದ ಅಂಗಡಿಯ ಲೋಕಪ್ಪನವರಲ್ಲಿ ಈ ಕೆಲಸ ಕಲಿತರು. "ಫೋನಿಗೂ ಕಾಜ ಹಾಕ್ತೀಯೇನವ್ವ?" ಎಂದು ಚುಡಾಯಿಸಿದವರೇ ಈಗ ಗಿರಾಕಿಗಳು. ಸೊರಬದ ಹೊಸಬಾಳೆಯಿಂದಲೂ ಬರುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಫೋನು, ಹೆಚ್ಚಿನವು ಹಳೆಯವೇ.

ಹನುಮಮ್ಮನ ಫೋನಿಗೆ ಕಂಪನಿ ಕಳಿಸಿದ ಕೊನೆಯ ಅಪ್‌ಡೇಟ್ ಹಾಗೇ ಉಳಿದಿದೆ. ಟಗರು ಕಾಳಗದ ವಿಡಿಯೊ ತುಂಬಿ ಅದಕ್ಕೆ ಜಾಗವಿಲ್ಲ. ವಿಡಿಯೊಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿ ಮಾಲಾ ಅಪ್‌ಡೇಟ್ ಹಾಕುತ್ತಾರೆ. ಎಲ್ಲ ಫೋನಿಗೂ ಹಾಕುವುದಿಲ್ಲ. "ಶಕ್ತಿ ಇಲ್ಲದ ಫೋನಿಗೆ ತುರುಕಿದ್ರೆ ಇದ್ದಿದ್ದೂ ನಿಂತೋಗ್ತದೆ. ಅಂಥೋರಿಗೆ ಬ್ಯಾಡ ಅಂದು ಕಳಿಸ್ತೀನ್ರಿ" ಎಂದು ನನಗೆ ಹೇಳುತ್ತಾರೆ.

ಪರದೆ ಬೆಳಗುತ್ತದೆ, ಮೆಸೇಜಿನ ಆ್ಯಪ್ ತೆರೆದುಕೊಳ್ಳುತ್ತದೆ.

"ಇದೇ ಕೊನೆ ಹನುಮಕ್ಕ. ಇನ್ಮೇಲೆ ಕಂಪನಿಯೋರು ಕಳಿಸಲ್ಲ."

"ಫೋನು ಗಟ್ಟಿ ಐತಲ್ಲೇ!"

"ಗಟ್ಟಿ ಐತೆ. ಅದಕ್ಕೇ ನನಗೆ ಹೊಟ್ಟೆ ಉರಿಯೋದು."

ಅಷ್ಟರಲ್ಲಿ ಫೋನು ಟಿಂಗ್ ಎನ್ನುತ್ತದೆ. ವೈದ್ಯರ ಉತ್ತರ. ಹನುಮಮ್ಮ ಫೋನನ್ನು ಸೆರಗಿಗೆ ಗಂಟು ಹಾಕಿಕೊಂಡು ಔಷಧಿ ಅಂಗಡಿಯತ್ತ ಓಡುತ್ತಾರೆ. ಕೋಲು ಇಲ್ಲೇ ಉಳಿಯುತ್ತದೆ.

ಅದನ್ನು ಮೂಲೆಗೆ ಒರಗಿಸುತ್ತ ಮಾಲಾ ನನ್ನತ್ತ ತಿರುಗಿ ಹೇಳುತ್ತಾರೆ: "ಬ್ಲೌಸ್ ಹೊಲಿವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡ್ತಿದ್ದೆ ರೀ. ಮೈ ತುಂಬಿದ್ರೆ ಬಿಚ್ಚಿ ಅಗಲ ಮಾಡ್ಕಳ್ಳಲಿ ಅಂತ. ಫೋನ್ ತಯಾರ್ ಮಾಡೋ ಕಂಪನಿಯೋರೂ ಅಷ್ಟು ಬಿಟ್ಟು ಹೊಲೀಲಿ."